ಬಲಿತ ಪೊರೆ, ಪಳಗಬೇಕಾದ ಕೈ: ಹೊರ ಬೆಂಗಳೂರು ಮತ್ತು ಕಠಿಣ ಪೊರೆಯ ಶಸ್ತ್ರಚಿಕಿತ್ಸೆಯ ತರಬೇತಿ

ಕಣ್ಣಿನ ಪೊರೆಯ ಆಪರೇಷನ್ ಎಂದರೆ ಈಗ ಹೆಚ್ಚಿನವರು ಹೆದರುವುದಿಲ್ಲ. ಬೆಳಗ್ಗೆ ಹೋದರೆ ಮಧ್ಯಾಹ್ನಕ್ಕೆ ಮನೆ, ಹೊಲಿಗೆ ಇಲ್ಲ, ಅನೇಕರಿಗೆ ಕಣ್ಣಿನ ಬಳಿ ಸೂಜಿಯೂ ಇಲ್ಲ, ತೊಟ್ಟು ಔಷಧಿಯಲ್ಲೇ ಕಣ್ಣು ಮರಗಟ್ಟುತ್ತದೆ. ಬಹುಪಾಲು ಕಣ್ಣುಗಳ ಮಟ್ಟಿಗೆ ಈ ಧೈರ್ಯಕ್ಕೆ ಆಧಾರವಿದೆ. ಉಳಿದ ಪಾಲಿನ ಬಗ್ಗೆ ನಾವು ಮಾತಾಡುವುದು ಕಡಿಮೆ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಅಂಧತ್ವ ಸಮೀಕ್ಷೆ, 50 ವರ್ಷ ದಾಟಿದವರಲ್ಲಿ ದೃಷ್ಟಿ ಹೋಗಲು ಏನು ಕಾರಣ ಎಂದು ಲೆಕ್ಕ ಹಾಕಿತು. ಚಿಕಿತ್ಸೆಯೇ ಆಗದ ಪೊರೆಯ ಪಾಲು ಶೇ 66.2. ಪೊರೆಯ ಶಸ್ತ್ರಚಿಕಿತ್ಸೆಯ ತೊಡಕುಗಳ ಪಾಲು ಶೇ 7.2. ಈ ಎರಡನೆಯ ಅಂಕಿ ಗ್ಲಾಕೋಮಾದಿಂದ ಅಂಧರಾದವರ ಪಾಲಿಗಿಂತಲೂ ದೊಡ್ಡದು. ಕಣ್ಣು ಬರಲೆಂದು ಆಪರೇಷನ್ ಮಾಡಿಸಿಕೊಂಡು ಕಣ್ಣು ಕಳೆದುಕೊಂಡವರು ಇವರು.

ಆಪರೇಷನ್ನಿನ ಸಂಖ್ಯೆಯನ್ನು ಹೆಚ್ಚಿಸಿದರೆ ಮೊದಲ ಅಂಕಿ ಇಳಿಯುತ್ತದೆ. ಎರಡನೆಯದು ಇಳಿಯಬೇಕಾದರೆ ಬೇರೆಯೇ ಕೆಲಸ ಆಗಬೇಕು. ಸುಲಭವಲ್ಲದ ಕಣ್ಣು ಮೇಜಿನ ಮೇಲೆ ಬಂದಾಗ ಏನು ಮಾಡಬೇಕು, ಮಾಡುತ್ತಿರುವಾಗ ಕೆಟ್ಟರೆ ಹೇಗೆ ಸರಿಪಡಿಸಬೇಕು, ಯಾವ ಹಂತದಲ್ಲಿ ನಿಲ್ಲಿಸಿ ಇನ್ನೊಬ್ಬರ ಕೈಗೆ ಒಪ್ಪಿಸಬೇಕು ಎಂಬುದನ್ನು ವೈದ್ಯರಿಗೆ ಕಲಿಸುವ ಕೆಲಸ ಅದು. ಈ ಲೇಖನದ ವಿಷಯವೂ ಅದೇ. ಹೊರ ಬೆಂಗಳೂರಿನ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳನ್ನು ಆರಿಸಿಕೊಳ್ಳಲು ಕಾರಣವಿದೆ. ಕಠಿಣವಾದ ಪೊರೆಗಳನ್ನು ಹುಟ್ಟಿಸುವ ಬದುಕು ಇಲ್ಲಿದೆ, ಅವುಗಳನ್ನು ತೆಗೆಯಲು ಕಲಿಸಬಲ್ಲ ಆಸ್ಪತ್ರೆಗಳೂ ಇಲ್ಲೇ ಇವೆ.

ಮೂರು ಕಡೆಯಿಂದ ಬರುವ ಕಣ್ಣುಗಳು

ಪೀಣ್ಯ ಏಷ್ಯಾದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದು. ಲೇತ್, ಗ್ರೈಂಡಿಂಗ್, ವೆಲ್ಡಿಂಗ್, ಫೌಂಡ್ರಿ, ಎಲೆಕ್ಟ್ರೋಪ್ಲೇಟಿಂಗ್ ಕೆಲಸದ ಸಣ್ಣಸಣ್ಣ ಶೆಡ್ಡುಗಳು ಸಾಲುಗಟ್ಟಿರುವ ಜಾಗ. ಸುತ್ತಿಗೆಯಿಂದ ಉಳಿಗೆ ಹೊಡೆಯುವಾಗ ಸಿಡಿದ ಉಕ್ಕಿನ ಚೂರು ಕಾರ್ನಿಯಾವನ್ನು ಸೀಳಿ, ಮಸೂರವನ್ನು ತೂರಿ ಒಳಗೆ ಹೋಗಿ ಕೂರುತ್ತದೆ. ಅಲ್ಲೇ ಉಳಿದ ಕಬ್ಬಿಣ ನಿಧಾನವಾಗಿ ಕಣ್ಣಿಗೆ ವಿಷವಾಗುತ್ತದೆ. ಪ್ಲೇಟಿಂಗ್ ತೊಟ್ಟಿಯ ಆಮ್ಲ, ಕ್ಷಾರ ಸಿಡಿದರೆ ಕಣ್ಣಿನ ಮೇಲ್ಮೈ ಸುಟ್ಟು ಒಳಗೆ ಪೊರೆಯೂ ಬರಬಹುದು. ಕುಲುಮೆಯ ಎದುರು ವರ್ಷಗಟ್ಟಲೆ ನಿಂತವರ ಮಸೂರವನ್ನು ಇನ್‌ಫ್ರಾರೆಡ್ ಕಿರಣ ಮಬ್ಬಾಗಿಸುತ್ತದೆ. ಇಂಥ ಗಾಯದ ಪೊರೆ ವಯಸ್ಸಿನ ಪೊರೆಯಂತಲ್ಲ. ರೋಗಿಗೆ ಇಪ್ಪತ್ತೈದು, ಮೂವತ್ತು ವರ್ಷ. ಕಾರ್ನಿಯಾದ ಮೇಲೆ ಕಲೆ, ಮಸೂರದ ಚೀಲದಲ್ಲಿ ಆಗಲೇ ಒಂದು ತೂತು, ಮಸೂರವನ್ನು ತೂಗಿ ಹಿಡಿದ ಎಳೆಗಳು ಒಂದು ಕಡೆ ಕಿತ್ತಿರುತ್ತವೆ. ಮನೆ ನಡೆಸುವ ಕಣ್ಣು ಅದು.

ವೈಟ್‌ಫೀಲ್ಡ್‌ನ ಕಥೆ ಬೇರೆ. ಐಟಿಪಿಎಲ್ ಟೆಕ್ ಪಾರ್ಕ್ ಬಂದ ಮೇಲೆ ಬೆಳೆದ ಅಪಾರ್ಟ್‌ಮೆಂಟುಗಳಿಗೆ ಮಕ್ಕಳ ಜೊತೆ ಇರಲು ಬಂದ ತಂದೆತಾಯಿಗಳು ಸಾವಿರಾರು ಮಂದಿ. ಮಧುಮೇಹ, ರಕ್ತದೊತ್ತಡ, ಉಬ್ಬಸಕ್ಕೆ ತಿಂದ ಸ್ಟಿರಾಯ್ಡ್ ಇವೆಲ್ಲ ಕಣ್ಣಿಗೂ ಸಂಬಂಧಪಟ್ಟ ವಿಷಯಗಳು. ಪ್ರಾಸ್ಟೇಟ್ ತೊಂದರೆಗೆ ಗಂಡಸರು ಸಾಮಾನ್ಯವಾಗಿ ತೆಗೆದುಕೊಳ್ಳುವ ಟ್ಯಾಮ್ಸುಲೋಸಿನ್ ಮಾತ್ರೆಗೂ ಪೊರೆಯ ಆಪರೇಷನ್ನಿಗೂ ನಂಟಿದೆ ಎಂದು ಅಮೆರಿಕದ ಡೇವಿಡ್ ಚಾಂಗ್ ಮತ್ತು ಜಾನ್ ಕ್ಯಾಂಪ್‌ಬೆಲ್ 2005ರಲ್ಲಿ ತೋರಿಸಿದರು. ಆ ಮಾತ್ರೆ ತಿಂದವರ ಪಾಪೆಯ ಸುತ್ತಲಿನ ಐರಿಸ್ ಬಿಗಿ ಕಳೆದುಕೊಂಡು, ಶಸ್ತ್ರಚಿಕಿತ್ಸೆಯ ನಡುವೆ ಅಲೆಯಾಡುತ್ತದೆ, ಗಾಯದ ಬಾಯಿಂದ ಹೊರಗೆ ಬರುತ್ತದೆ, ಪಾಪೆ ಕುಗ್ಗುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಈ ಗುಣ ಹೋಗುವ ಭರವಸೆ ಇಲ್ಲ. ಮೊದಲೇ ಕೇಳಿ ತಿಳಿದುಕೊಂಡ ವೈದ್ಯರಿಗೆ ಇದು ಸಿದ್ಧತೆಯ ವಿಷಯ; ಕೇಳದವರಿಗೆ ಅನಾಹುತ.

ಆರ್. ಕೆ. ಬಾಳಿಗರ ಕನಸಿನಂತೆ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಆರಂಭಿಸಿದ ಎಲೆಕ್ಟ್ರಾನಿಕ್ ಸಿಟಿಗೆ ಮೂರನೆಯ ಬಗೆಯ ಕಣ್ಣುಗಳು ಸೇರಿವೆ. ಐಟಿಯ ಮೊದಲ ತಲೆಮಾರಿನಲ್ಲಿ ಕನ್ನಡಕ ಬಿಡಲೆಂದು ಲೇಸಿಕ್ ಮಾಡಿಸಿಕೊಂಡವರು ಈಗ ಐವತ್ತರ ಆಸುಪಾಸಿನಲ್ಲಿದ್ದಾರೆ. ಲೇಸಿಕ್ ಕಾರ್ನಿಯಾದ ವಕ್ರತೆಯನ್ನೇ ಬದಲಿಸುವುದರಿಂದ ಸಾಮಾನ್ಯ ಲೆಕ್ಕದ ಪ್ರಕಾರ ಲೆನ್ಸ್ ಹಾಕಿದರೆ ನಂಬರ್ ತಪ್ಪುತ್ತದೆ. ಅವರಿಗೆಂದೇ ಬೇರೆ ಸೂತ್ರಗಳಿವೆ. ದೊಡ್ಡ ಮೈನಸ್ ನಂಬರಿನ ಉದ್ದನೆಯ ಕಣ್ಣುಗಳಲ್ಲಿ ರೆಟಿನಾ ಕಳಚುವ ಅಪಾಯ ಹೆಚ್ಚು, ಆಪರೇಷನ್ ನಡೆಯುವಾಗ ಒಳಗಿನ ಒತ್ತಡ ಏರುಪೇರಾಗುತ್ತದೆ.

ಈ ಮೂರರ ಹೊರಗಿನ ವರ್ತುಲವನ್ನು ಮರೆಯುವಂತಿಲ್ಲ. ಹೊಸಕೋಟೆ, ಮಾಲೂರು, ಆನೇಕಲ್, ನೆಲಮಂಗಲದ ಹಳ್ಳಿಗಳಲ್ಲಿ ಪೊರೆ ಬಲಿಯಲಿ ಎಂದು ಕಾಯುವ ರೂಢಿ ಇನ್ನೂ ಇದೆ. ಮಸೂರವನ್ನು ಇಡಿಯಾಗಿ ತೆಗೆಯುತ್ತಿದ್ದ ಹಳೆಯ ಕಾಲದಲ್ಲಿ ಆ ಸಲಹೆಗೆ ಅರ್ಥವಿತ್ತು. ಈಗ ಅದೇ ಸಲಹೆ ಅಪಾಯ ತರುತ್ತದೆ. ಕಾದಷ್ಟೂ ಪೊರೆ ಕಂದು ಬಣ್ಣಕ್ಕೆ, ಕೊನೆಗೆ ಕಪ್ಪಿಗೆ ತಿರುಗಿ ಕಲ್ಲಿನಂತಾಗುತ್ತದೆ, ಇಲ್ಲವೇ ಹಾಲಿನಂತೆ ಬಿಳಿಚಿ ಉಬ್ಬುತ್ತದೆ. ಹಾಗೇ ಬಿಟ್ಟರೆ ಕಣ್ಣಿನ ಒತ್ತಡ ಏರಿ ನರವೂ ಕೆಡುತ್ತದೆ. ಕೂಲಿ ತಪ್ಪುತ್ತದೆ, ಕರೆದೊಯ್ಯುವವರಿಲ್ಲ, ಮದುವೆ ಮುಗಿಯಲಿ, ರಾಗಿ ಕೊಯ್ಲು ಮುಗಿಯಲಿ ಎಂದು ಮುಂದೂಡಿದ ಬಡವರ ಕಣ್ಣಲ್ಲೇ ಅತಿ ಕಠಿಣ ಪೊರೆ ಸಿಗುತ್ತದೆ. ಈ ಸಂಗತಿ ತರಬೇತಿಯ ಇಡೀ ಪ್ರಶ್ನೆಯನ್ನು ನೈತಿಕ ಪ್ರಶ್ನೆಯಾಗಿಸುತ್ತದೆ.

ಸಂಖ್ಯೆಯ ಯುಗದಿಂದ ಗುಣಮಟ್ಟದ ಯುಗಕ್ಕೆ

ಕನ್ನಡ ನಾಡಿನಲ್ಲಿ ಪೊರೆಯ ಶಸ್ತ್ರಚಿಕಿತ್ಸೆಯ ಹೆಸರೆತ್ತಿದರೆ ಡಾ. ಎಂ. ಸಿ. ಮೋದಿಯವರು ನೆನಪಾಗುತ್ತಾರೆ. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಅವರು ಶಾಲೆ, ಛತ್ರಗಳನ್ನೇ ಆಪರೇಷನ್ ಥಿಯೇಟರ್ ಮಾಡಿಕೊಂಡು ಊರೂರು ಸುತ್ತಿದರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಪೊರೆ ತೆಗೆದದ್ದು ಗಿನ್ನೆಸ್ ದಾಖಲೆಗೆ ಸೇರಿತು. ಬೆಂಗಳೂರಿನ ಮಹಾಲಕ್ಷ್ಮೀಪುರದಲ್ಲಿ ಅವರ ಹೆಸರಿನ ಕಣ್ಣಿನ ಆಸ್ಪತ್ರೆ ಇಂದಿಗೂ ಇದೆ. ವೈದ್ಯರೇ ಇಲ್ಲದ ಊರುಗಳಲ್ಲಿ ಬೆಳಕು ಕೊಟ್ಟ ಆ ಕೆಲಸದ ಋಣ ದೊಡ್ಡದು. ಅಂದು ಮಸೂರವನ್ನು ತೆಗೆದು ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು. ಯಶಸ್ಸಿನ ಅಳತೆಯೂ ಎಷ್ಟು ಕಣ್ಣು ಆಯಿತು ಎಂಬುದೇ ಆಗಿತ್ತು.

ಮುಂದೆ ಅಳತೆ ಬದಲಾಯಿತು. ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರ ನವೆಂಬರ್ 29ರಂದು ಮೊದಲ ಬಾರಿ ಕಣ್ಣೊಳಗೆ ಕೃತಕ ಲೆನ್ಸ್ ಇಟ್ಟಿದ್ದರು. 1967ರಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ಕೆಲ್ಮನ್ ಅಲ್ಟ್ರಾಸೌಂಡಿನಿಂದ ಪೊರೆಯನ್ನು ಒಡೆದು ಹೀರುವ ಫೇಕೋ ವಿಧಾನ ತಂದರು. ಮದುರೈಯ ಆರೋಲ್ಯಾಬ್ 1992ರಲ್ಲಿ ಆರಂಭವಾದ ಮೇಲೆ ಕೃತಕ ಲೆನ್ಸ್ ಬಡವರ ಕೈಗೂ ಎಟುಕಿತು. ಇದರಿಂದ ನಿರೀಕ್ಷೆ ಏರಿತು. ಬೆಳಕು ಕಂಡರೆ ಸಾಕು ಎಂದವರ ಮಕ್ಕಳು ಕನ್ನಡಕವಿಲ್ಲದೆ ಮೊಬೈಲ್ ಓದಬೇಕು ಎನ್ನುತ್ತಾರೆ. ನಿರೀಕ್ಷೆಯ ಜೊತೆ ಕೌಶಲವೂ ಏರಬೇಕಿತ್ತು. ಕೆಲವು ಆಸ್ಪತ್ರೆಗಳಲ್ಲಿ ಅದು ಏರಿತು, ಎಲ್ಲ ಕಡೆ ಏರಲಿಲ್ಲ.

ಕಷ್ಟ ಎಲ್ಲಿದೆ?

ಪೊರೆಯ ಶಸ್ತ್ರಚಿಕಿತ್ಸೆಯ ಅಪಾಯ ಬಹುಮಟ್ಟಿಗೆ ಒಂದು ತೆಳು ಚೀಲದಲ್ಲಿದೆ. ಮಸೂರ ಕುಳಿತಿರುವ ಚೀಲದ ಹಿಂಭಾಗ ನಡುವಿನಲ್ಲಿ ಸುಮಾರು ನಾಲ್ಕು ಮೈಕ್ರಾನ್ ದಪ್ಪ. ತಲೆಗೂದಲನ್ನು ಉದ್ದಕ್ಕೆ ಹದಿನೈದು ಇಪ್ಪತ್ತು ಎಳೆ ಮಾಡಿದರೆ ಒಂದು ಎಳೆಯಷ್ಟು. ಒಳಗಿನ ಪೊರೆಯನ್ನೆಲ್ಲ ತೆಗೆದು ಈ ಚೀಲವನ್ನು ಉಳಿಸಿ, ಅದರೊಳಗೆ ಹೊಸ ಲೆನ್ಸ್ ಕೂರಿಸಬೇಕು. ಅದು ಹರಿದರೆ ಹಿಂದಿನ ವಿಟ್ರಿಯಸ್ ಎಂಬ ಜೆಲ್ಲಿ ಮುಂದಕ್ಕೆ ನುಗ್ಗುತ್ತದೆ, ಪೊರೆಯ ತುಂಡು ಹಿಂದೆ ಬೀಳಬಹುದು, ಸೋಂಕು, ರೆಟಿನಾ ಊತ, ರೆಟಿನಾ ಕಳಚುವಿಕೆಯ ಸಾಧ್ಯತೆ ಏರುತ್ತದೆ.

ಒಂದೊಂದು ಕಠಿಣ ಪೊರೆ ಒಂದೊಂದು ದಾರಿಯಲ್ಲಿ ಈ ಚೀಲಕ್ಕೆ ಅಪಾಯ ತರುತ್ತದೆ. ಬಿಳಿಚಿ ಉಬ್ಬಿದ ಪೊರೆಯಲ್ಲಿ ಚೀಲದ ಮುಂಭಾಗವನ್ನು ಗುಂಡಗೆ ಕತ್ತರಿಸಲು ಹೋದಾಗ ಒಳಗಿನ ಒತ್ತಡಕ್ಕೆ ಸೀಳು ಅಂಚಿನವರೆಗೆ ಓಡಿಬಿಡುತ್ತದೆ. ನೆದರ್ಲೆಂಡ್ಸ್‌ನ ಗೆರಿಟ್ ಮೆಲ್ಲೆಸ್ 1999ರಲ್ಲಿ ತಿಳಿಸಿದ ಟ್ರಿಪಾನ್ ಬ್ಲೂ ಬಣ್ಣ ಹಾಕಿದರೆ ಚೀಲ ನೀಲಿಯಾಗಿ ಎದ್ದು ಕಾಣುತ್ತದೆ. ಮೊದಲು ಸಣ್ಣ ಸೂಜಿಯಿಂದ ಒಳಗಿನ ದ್ರವ ತೆಗೆದು ಒತ್ತಡ ಇಳಿಸಿದರೆ ಸೀಳು ಓಡುವ ಸಾಧ್ಯತೆ ತಗ್ಗುತ್ತದೆ. ಕಲ್ಲಿನಂಥ ಪೊರೆಗೆ ಅಲ್ಟ್ರಾಸೌಂಡ್ ಹೆಚ್ಚು ಸುರಿದರೆ ಕಾರ್ನಿಯಾದ ಒಳಪದರ ಸಾಯುತ್ತದೆ. ಅದಕ್ಕೆ ಜಪಾನಿನ ಕುನಿಹಿರೊ ನಾಗಹಾರ 1993ರಲ್ಲಿ ತೋರಿಸಿದ ಚಾಪ್ ಮಾರ್ಗವುಂಟು, ಶಕ್ತಿಗಿಂತ ಯುಕ್ತಿಯಿಂದ ಪೊರೆಯನ್ನು ಸೀಳುವ ಮಾರ್ಗ. ಕುಗ್ಗುವ ಪಾಪೆಗೆ ಐರಿಸ್ ಕೊಕ್ಕೆಗಳು, ಬೋರಿಸ್ ಮಾಲ್ಯುಗಿನ್ 2007ರಲ್ಲಿ ಪರಿಚಯಿಸಿದ ಉಂಗುರ, ಕೋಲ್ಕತ್ತದ ಡಾ. ಸುವೆನ್ ಭಟ್ಟಾಚಾರ್ಜಿ ರೂಪಿಸಿದ ಬಿ-ಹೆಕ್ಸ್ ಉಂಗುರ ಇವೆ. ಎಳೆಗಳು ಸಡಿಲವಾದ ಕಣ್ಣಿಗೆ ಚೀಲವನ್ನು ಒಳಗಿಂದ ಹಿಗ್ಗಿಸಿ ಹಿಡಿಯುವ ಟೆನ್ಷನ್ ರಿಂಗ್ ಇದೆ. ಪೀಣ್ಯದ ಗಾಯದ ಕಣ್ಣಿಗೂ, ದಕ್ಷಿಣ ಭಾರತದ ಹಿರಿಯರಲ್ಲಿ ಆಗಾಗ ಕಾಣುವ ಸ್ಯೂಡೋಎಕ್ಸ್‌ಫೋಲಿಯೇಷನ್ ಕಾಯಿಲೆಯ ಕಣ್ಣಿಗೂ ಇದು ಆಸರೆ.

ಕೆಲವು ಪೊರೆಗಳ ಅಪಾಯ ಮೊದಲ ನೋಟಕ್ಕೆ ಕಾಣುವುದಿಲ್ಲ. ಚೀಲದ ಹಿಂಗೋಡೆಗೆ ಗುಂಡಗೆ ಅಂಟಿಕೊಂಡ ಪೋಸ್ಟೀರಿಯರ್ ಪೋಲಾರ್ ಪೊರೆ ಅಂಥದ್ದು. ಅಮೆರಿಕದ ರಾಬರ್ಟ್ ಓಶರ್ 1990ರಲ್ಲಿ ಶೇ 26 ಕಣ್ಣುಗಳಲ್ಲಿ, ಅಹಮದಾಬಾದಿನ ಅಭಯ್ ವಸಾವಡ 1999ರಲ್ಲಿ ಶೇ 36 ಕಣ್ಣುಗಳಲ್ಲಿ ಚೀಲ ಹರಿದಿದ್ದನ್ನು ವರದಿ ಮಾಡಿದರು. ಪಳಗಿದ ಕೈಗಳೇ ತಮ್ಮ ಸೋಲನ್ನು ಹೀಗೆ ಎಣಿಸಿ ಬರೆದಿಟ್ಟಿದ್ದರಿಂದ, ಚೀಲಕ್ಕೂ ಪೊರೆಗೂ ನಡುವೆ ನೀರು ಹಾಯಿಸುವ ಮಾಮೂಲಿ ಹೆಜ್ಜೆಯನ್ನು ಈ ಕಣ್ಣಲ್ಲಿ ಬಿಡಬೇಕು ಎಂಬ ಪಾಠ ಗಟ್ಟಿಯಾಯಿತು. ಮುಂದೆ ಇಂಥ ಸಾವಿರಾರು ಕಣ್ಣುಗಳು ಅದರಿಂದ ಉಳಿದವು.

ಎಷ್ಟೇ ಜಾಗ್ರತೆ ಇದ್ದರೂ ಚೀಲ ಒಮ್ಮೊಮ್ಮೆ ಹರಿಯುತ್ತದೆ. ಆಗ ಹೊಸಬರ ಕೈ ಗಾಬರಿಯಿಂದ ಫೇಕೋ ಮೊನೆಯನ್ನು ಥಟ್ಟನೆ ಹೊರಗೆಳೆಯುತ್ತದೆ. ಕಣ್ಣೊಳಗಿನ ಒತ್ತಡ ಕುಸಿದು, ಸಣ್ಣ ತೂತು ದೊಡ್ಡದಾಗುತ್ತದೆ. ಕಲಿತವರು ಮೊನೆಯನ್ನು ಅಲ್ಲೇ ನಿಲ್ಲಿಸಿ, ಇನ್ನೊಂದು ಕೈಯಿಂದ ವಿಸ್ಕೋ ಎಂಬ ಮಂದ ದ್ರಾವಣ ತುಂಬಿ, ಆಮೇಲೆ ಹೊರತೆಗೆಯುತ್ತಾರೆ. ಮುಂದೆ ಬಂದ ವಿಟ್ರಿಯಸ್ಸನ್ನು ಎಳೆಯದೆ ಕತ್ತರಿಸುತ್ತಾರೆ. ಟ್ರಯಾಮ್ಸಿನೊಲೋನ್ ಎಂಬ ಔಷಧಿ ಹಾಕಿ ಅದರ ಎಳೆಗಳನ್ನು ಬೆಳ್ಳಗೆ ಕಾಣಿಸಿಕೊಳ್ಳುತ್ತಾರೆ. ಚೀಲದ ಮುಂಭಾಗ ಗಟ್ಟಿಯಿದ್ದರೆ ಮೂರು ತುಂಡಿನ ಲೆನ್ಸನ್ನು ಅದರ ಮೇಲೆ ಕೂರಿಸುತ್ತಾರೆ. ಆಸರೆಯೇ ಉಳಿಯದಿದ್ದರೆ ಕಣ್ಣಿನ ಬಿಳಿ ಗೋಡೆಯಾದ ಸ್ಕ್ಲೀರಾಕ್ಕೆ ಲೆನ್ಸ್ ಕಟ್ಟಬೇಕು. ಚೆನ್ನೈನ ಡಾ. ಅಮರ್ ಅಗರ್ವಾಲ್ 2007ರಲ್ಲಿ ಅಂಟಿನ ವಿಧಾನ ತಂದರು, ಜಪಾನಿನ ಶಿನ್ ಯಮಾನೆ ಹೊಲಿಗೆಯೂ ಅಂಟೂ ಬೇಡದ ಮಾರ್ಗ ತೋರಿಸಿದರು. ತರಬೇತಿಯಲ್ಲಿ ಎಲ್ಲಕ್ಕಿಂತ ಮೊದಲು ಕಲಿಸಬೇಕಾದದ್ದು ಈ ರಕ್ಷಣೆಯ ಪಾಠ. ಉಂಗುರ, ಕೊಕ್ಕೆಗಳ ಚಾತುರ್ಯ ಆಮೇಲೆ.

ಕಲಿಸುವವರು ಯಾರು?

ಮೂರು ವರ್ಷದ ಎಂ.ಎಸ್. ಅಥವಾ ಡಿ.ಎನ್.ಬಿ. ಮುಗಿಸಿ ಒಬ್ಬರು ನೇತ್ರವೈದ್ಯರಾಗುತ್ತಾರೆ. ಆ ಮೂರು ವರ್ಷದಲ್ಲಿ ಕೈಗೆ ಸಿಗುವ ಆಪರೇಷನ್ನುಗಳು ಕಾಲೇಜಿನಿಂದ ಕಾಲೇಜಿಗೆ ಬಹಳ ಬೇರೆ. ಕೆಲವರು ನೂರಾರು ಕಣ್ಣು ಮಾಡಿ ಬರುತ್ತಾರೆ; ಕೆಲವರು ಫೇಕೋ ಯಂತ್ರದ ಪೆಡಲನ್ನು ಸರಿಯಾಗಿ ತುಳಿಯದೆಯೇ ಪದವಿ ಪಡೆಯುತ್ತಾರೆ. ಹೀಗಾಗಿ ನಿಜವಾದ ಕಲಿಕೆ ಪದವಿಯ ನಂತರದ ಫೆಲೋಶಿಪ್‌ನಲ್ಲಿ ನಡೆಯುತ್ತದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯವೂ ಇಂಥ ಫೆಲೋಶಿಪ್‌ಗಳಿಗೆ ಮಾನ್ಯತೆ ಕೊಡುತ್ತದೆ.

ವೈಟ್‌ಫೀಲ್ಡ್ ದಾರಿಯ ಕುಂದಲಹಳ್ಳಿ ಗೇಟ್ ಬಳಿ ಶಂಕರ ಕಣ್ಣಿನ ಆಸ್ಪತ್ರೆ ಇದೆ. 1977ರಲ್ಲಿ ಕೊಯಮತ್ತೂರಿನಲ್ಲಿ ಡಾ. ಆರ್. ವಿ. ರಮಣಿ ದಂಪತಿ ಹುಟ್ಟುಹಾಕಿದ ಸಂಸ್ಥೆಯ ಬೆಂಗಳೂರು ಶಾಖೆ ಇದು. ಹಳ್ಳಿಗಳಲ್ಲಿ ಶಿಬಿರ ಮಾಡಿ, ಬಸ್ಸಿನಲ್ಲಿ ಕರೆತಂದು, ಉಚಿತವಾಗಿ ಆಪರೇಷನ್ ಮಾಡಿ ವಾಪಸ್ ಬಿಡುವುದು, ಹಣ ಕೊಡಬಲ್ಲವರಿಂದ ಬಂದದ್ದರಲ್ಲಿ ಆ ಖರ್ಚು ತೂಗಿಸುವುದು ಇದರ ಕ್ರಮ. ಹೀಗೆ ಬರುವ ಕಣ್ಣುಗಳ ಸಂಖ್ಯೆಯೂ ಕಾಠಿಣ್ಯವೂ ಕಲಿಯುವವರಿಗೆ ಬೇರೆಲ್ಲೂ ಸುಲಭವಾಗಿ ಸಿಗುವಂಥದ್ದಲ್ಲ. ಸ್ನಾತಕೋತ್ತರ ವಿದ್ಯಾರ್ಥಿಗಳೂ ಫೆಲೋಗಳೂ ಇಲ್ಲಿ ತಯಾರಾಗುತ್ತಾರೆ.

ಎಲೆಕ್ಟ್ರಾನಿಕ್ ಸಿಟಿ ದಾಟಿದರೆ ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿ ಆವರಣದಲ್ಲಿ ನಾರಾಯಣ ನೇತ್ರಾಲಯದ ಶಾಖೆಯಿದೆ. 2023ರ ಮೇ ತಿಂಗಳಲ್ಲಿ ತೀರಿಕೊಂಡ ಡಾ. ಕೆ. ಭುಜಂಗ ಶೆಟ್ಟಿಯವರು 1982ರಲ್ಲಿ ಆರಂಭಿಸಿದ ಸಂಸ್ಥೆ ಇದು. ಕನ್ನಡಿಗರ ಮನಸ್ಸಿನಲ್ಲಿ ಡಾ. ರಾಜ್‌ಕುಮಾರ್ ಮತ್ತು ಪುನೀತ್ ಅವರ ನೇತ್ರದಾನದ ಜೊತೆ ಬೆಸೆದುಕೊಂಡ ಹೆಸರು. ಒಂದೇ ಸೂರಿನಡಿ ಕಾರ್ನಿಯಾ, ರೆಟಿನಾ, ಗ್ಲಾಕೋಮಾ, ಮಕ್ಕಳ ಕಣ್ಣು ಎಲ್ಲ ವಿಭಾಗಗಳಿರುವುದು ಕಠಿಣ ಪೊರೆಯ ಕಲಿಕೆಗೆ ದೊಡ್ಡ ಅನುಕೂಲ. ಪೊರೆಯ ತುಂಡು ಹಿಂದೆ ಬಿದ್ದಾಗ ರೆಟಿನಾ ತಜ್ಞರು ಪಕ್ಕದ ಕೋಣೆಯಲ್ಲಿದ್ದರೆ ಕಲಿಯುವವರ ಧೈರ್ಯವೂ ರೋಗಿಯ ಭದ್ರತೆಯೂ ಬೇರೆಯೇ ಆಗಿರುತ್ತವೆ.

ವೈಟ್‌ಫೀಲ್ಡ್‌ನ ವೈದೇಹಿಯಂಥ ವೈದ್ಯಕೀಯ ಕಾಲೇಜುಗಳು, ಪೀಣ್ಯದ ಕಾರ್ಮಿಕರಿಗೆ ಹತ್ತಿರವಾದ ರಾಜಾಜಿನಗರದ ಇ.ಎಸ್.ಐ. ವೈದ್ಯಕೀಯ ಕಾಲೇಜು ಈ ನಕ್ಷೆಯ ಉಳಿದ ಬಿಂದುಗಳು. ಗಾಯದ ಕಣ್ಣುಗಳ ದೃಷ್ಟಿಯಿಂದ ಇ.ಎಸ್.ಐ. ವ್ಯವಸ್ಥೆಗೆ ವಿಶೇಷ ಹೊಣೆಯಿದೆ ಎಂಬುದು ನನ್ನ ನಿಲುವು. ಚೂರು ಸಿಡಿದ ದಿನದಿಂದ ಹಿಡಿದು ಪೊರೆ ತೆಗೆದು ಲೆನ್ಸ್ ಕೂರಿಸುವವರೆಗೆ ಒಬ್ಬನೇ ಕಾರ್ಮಿಕನ ಇಡೀ ದಾಖಲೆ ಅಲ್ಲಿ ಇರಬಲ್ಲದು. ಅದನ್ನು ಪಾಠವಾಗಿಸಿದರೆ ಕಣ್ಣಿನ ಗಾಯದ ಬಗ್ಗೆ ದೇಶಕ್ಕೇ ಕಲಿಸಬಲ್ಲ ಕೇಂದ್ರ ಹುಟ್ಟುತ್ತದೆ. ಶೆಡ್ಡುಗಳಲ್ಲಿ ರಕ್ಷಣೆಯ ಕನ್ನಡಕ ಕಡ್ಡಾಯವಾಗಲು ಬೇಕಾದ ಪುರಾವೆಯೂ ಅದರಿಂದಲೇ ಸಿಗುತ್ತದೆ.

ಜೀವಂತ ಕಣ್ಣಿಗೆ ಮೊದಲು

ಬಹುಕಾಲ ಹೊಸ ವೈದ್ಯರ ಮೊದಲ ಪಾಠ ರೋಗಿಯ ಕಣ್ಣಿನ ಮೇಲೆಯೇ ಆಗುತ್ತಿತ್ತು. ಈಗ ಅದಕ್ಕೆ ಮುಂಚೆ ಹಲವು ಮೆಟ್ಟಿಲುಗಳಿವೆ. ವೆಟ್ ಲ್ಯಾಬಿನಲ್ಲಿ ಆಡಿನ ಕಣ್ಣಿನ ಮೇಲೆ ಗಾಯ ತೆರೆಯುವುದು, ಹೊಲಿಗೆ ಹಾಕುವುದು, ವಿಟ್ರಿಯಸ್ ಕತ್ತರಿಸುವುದು ಕಲಿಯಬಹುದು. ಆಡಿನ ಮಸೂರ ಮೆತ್ತಗಿರುವುದರಿಂದ ಅದನ್ನು ಮೈಕ್ರೋವೇವ್‌ನಲ್ಲಿ ಕಾಯಿಸಿ ಗಟ್ಟಿ ಮಾಡುವುದುಂಟು. ಅದರ ಚೀಲ ಮನುಷ್ಯರದ್ದಕ್ಕಿಂತ ದಪ್ಪ, ಹೆಚ್ಚು ಹಿಗ್ಗುವಂಥದ್ದು; ಹಾಗಾಗಿ ಕೆಲವು ಹೆಜ್ಜೆಗಳಿಗೆ ಸಿಂಥೆಟಿಕ್ ಕಣ್ಣು ವಾಸಿ.

ಸಿಮ್ಯುಲೇಟರ್ ಬಂದ ಮೇಲೆ ಚಿತ್ರ ಇನ್ನಷ್ಟು ಬದಲಾಯಿತು. ಬ್ರಿಟನ್ನಿನಲ್ಲಿ ಮೊದಲ ಎರಡು ವರ್ಷದ ಕಲಿಕೆಯ ವೈದ್ಯರು ಮಾಡಿದ ಆಪರೇಷನ್ನುಗಳನ್ನು ಪರಿಶೀಲಿಸಿದಾಗ, ಚೀಲ ಹರಿಯುವ ಪ್ರಮಾಣ 2009ರಲ್ಲಿ ಶೇ 4.2 ಇದ್ದದ್ದು ಸಿಮ್ಯುಲೇಟರ್ ವ್ಯಾಪಕವಾದ ಮೇಲೆ 2015ರಲ್ಲಿ ಶೇ 2.6ಕ್ಕೆ ಇಳಿದಿತ್ತು. ಡೆನ್ಮಾರ್ಕಿನ ಅಧ್ಯಯನವೊಂದು ಹೊಸಬರಷ್ಟೇ ಅಲ್ಲ, ಸ್ವಲ್ಪ ಅನುಭವ ಇರುವವರ ಕೈಯೂ ಸಿಮ್ಯುಲೇಟರ್ ಅಭ್ಯಾಸದಿಂದ ಸುಧಾರಿಸಿದ್ದನ್ನು ತೋರಿಸಿತು. ಆಫ್ರಿಕದ ದೇಶಗಳಲ್ಲಿ ಕೈಯಿಂದ ಮಾಡುವ ಸಣ್ಣ ಗಾಯದ ವಿಧಾನವನ್ನು ಕಲಿಸಲೂ ಇದೇ ಮಾರ್ಗ ಫಲ ಕೊಟ್ಟಿದೆ. ಇಷ್ಟು ಪುರಾವೆ ಇರುವಾಗ, ಸಿಮ್ಯುಲೇಟರ್ ಅಥವಾ ವೆಟ್ ಲ್ಯಾಬ್ ಇಲ್ಲದ ಕಾಲೇಜಿನಲ್ಲಿ ರೋಗಿಯ ಕಣ್ಣಿನಿಂದಲೇ ಪಾಠ ಆರಂಭಿಸುವುದಕ್ಕೆ ಸಮರ್ಥನೆ ಉಳಿದಿಲ್ಲ.

ಜೀವಂತ ಕಣ್ಣಿಗೆ ಬಂದ ಮೇಲೂ ಮೆಟ್ಟಿಲುಗಳಿವೆ. ಒಂದೇ ಕಣ್ಣಿನ ಇಡೀ ಆಪರೇಷನ್ ಕೊಡುವ ಬದಲು ಒಂದೊಂದೇ ಹೆಜ್ಜೆ ಕೊಡುತ್ತಾರೆ. ಮೊದಲು ಕೊನೆಯ, ಸುಲಭದ ಹೆಜ್ಜೆ, ಆಮೇಲೆ ಹಿಂದಕ್ಕೆ. ಪ್ರತಿ ಹೆಜ್ಜೆಗೂ ಅಂಕ ಕೊಡಲು ಅಂತರರಾಷ್ಟ್ರೀಯ ನೇತ್ರವಿಜ್ಞಾನ ಮಂಡಳಿ ರೂಪಿಸಿದ ಆಸ್ಕರ್ ಎಂಬ ಅಳತೆಪಟ್ಟಿ ಇದೆ. ಎಲ್ಲ ಆಪರೇಷನ್ನುಗಳ ವಿಡಿಯೊ ಉಳಿಸಿಕೊಂಡು ಗುರುವಿನ ಜೊತೆ ಕೂತು ನೋಡುವುದು ಅಗ್ಗದ, ಫಲಕಾರಿಯಾದ ಪಾಠ. ಕರ್ನಾಟಕ ನೇತ್ರವೈದ್ಯರ ಸಂಘದ ಸಮ್ಮೇಳನಗಳಲ್ಲಿ ತೊಡಕಿನ ವಿಡಿಯೊಗಳನ್ನು ಎಲ್ಲರೆದುರು ಚರ್ಚಿಸುವ ಪರಿಪಾಠ ಆರೋಗ್ಯಕರ. ಅದು ಪ್ರತಿ ಆಸ್ಪತ್ರೆಯ ವಾರದ ಸಭೆಗೂ ಇಳಿಯಬೇಕು.

ಹಳೆಯ ವಿದ್ಯೆಯನ್ನು ಬಿಡಬಾರದು

ಐಟಿ ಪ್ರದೇಶದ ಆಸ್ಪತ್ರೆಗಳಲ್ಲಿ ಈಗ ಫೇಕೋ ಬಿಟ್ಟರೆ ಬೇರೆ ಕಾಣುವುದು ಅಪರೂಪ. ಹೊಸ ಫೆಲೋಗಳಲ್ಲಿ ಯಂತ್ರವಿಲ್ಲದೆ ಕೈಯಿಂದಲೇ ಮಾಡುವ ಸಣ್ಣ ಗಾಯದ ವಿಧಾನದ, ಅಂದರೆ ಎಸ್‌ಐಸಿಎಸ್‌ನ ಬಗ್ಗೆ ಉದಾಸೀನ ಬೆಳೆಯುತ್ತಿದೆ. ಇದು ದೊಡ್ಡ ನಷ್ಟ. ನೇಪಾಳದಲ್ಲಿ ಸಂಡುಕ್ ರುಯಿತ್ ಮತ್ತು ಡೇವಿಡ್ ಚಾಂಗ್ ನಡೆಸಿ 2007ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ ಆರು ತಿಂಗಳ ನಂತರ ಎರಡೂ ಗುಂಪಿನಲ್ಲಿ ಶೇ 98 ಮಂದಿಗೆ ಒಳ್ಳೆಯ ದೃಷ್ಟಿ ಬಂದಿತ್ತು. ಕೈವಿಧಾನಕ್ಕೆ ಸರಾಸರಿ 9 ನಿಮಿಷ, ಫೇಕೋಗೆ ಹದಿನೈದೂವರೆ ನಿಮಿಷ ಹಿಡಿದಿತ್ತು.

ತರಬೇತಿಯ ದೃಷ್ಟಿಯಿಂದ ಇನ್ನೂ ಮುಖ್ಯವಾದ ಮಾಹಿತಿ ಅರವಿಂದ್ ಕಣ್ಣಿನ ಆಸ್ಪತ್ರೆಯಿಂದ 2012ರಲ್ಲಿ ಬಂತು. 79,777 ಆಪರೇಷನ್ನುಗಳ ಆ ಲೆಕ್ಕದಲ್ಲಿ ಕಲಿಯುವವರ ಕೈಯಲ್ಲಿ ಫೇಕೋದಲ್ಲಿ ತೊಡಕಿನ ಪ್ರಮಾಣ ಶೇ 4.8, ಕೈವಿಧಾನದಲ್ಲಿ ಶೇ 1.46. ಆಸ್ಪತ್ರೆಯ ಕಾಯಂ ವೈದ್ಯರಲ್ಲಿ ಒಟ್ಟು ತೊಡಕು ಶೇ 0.79 ಇದ್ದರೆ, ಹೊರಗಿಂದ ಅಲ್ಪಾವಧಿಗೆ ಕಲಿಯಲು ಬಂದವರಲ್ಲಿ ಅದು ಶೇ 5.06. ಎರಡು ಪಾಠಗಳು ಇಲ್ಲಿ ಸ್ಪಷ್ಟವಾಗಿವೆ. ಕಪ್ಪು ಪೊರೆ ಎದುರಾದಾಗ ಯಂತ್ರ ಬಿಟ್ಟು ಕೈವಿಧಾನಕ್ಕೆ ಮರಳುವುದು ಸೋಲಲ್ಲ, ಪ್ರಬುದ್ಧತೆ. ಕೆಲವೇ ವಾರಗಳ ಅವಸರದ ಕೋರ್ಸುಗಳು ಪ್ರಮಾಣಪತ್ರ ಕೊಡಬಹುದು, ಕೈಯನ್ನು ಪಳಗಿಸುವುದಿಲ್ಲ.

ಯಾರ ಕಣ್ಣಿನ ಮೇಲೆ ಕಲಿಕೆ?

ಈ ಅಂಕಿಗಳ ಹಿಂದೆ ಮನುಷ್ಯರಿದ್ದಾರೆ. ಕಾರ್ಪೊರೇಟ್ ಆಸ್ಪತ್ರೆಗೆ ಹಣ ಕಟ್ಟಿ ಬರುವವರು ಹಿರಿಯ ವೈದ್ಯರ ಹೆಸರು ಹೇಳಿ ಬರುತ್ತಾರೆ. ಶಿಬಿರದ ಬಸ್ಸಿನಲ್ಲಿ ಬಂದವರಿಗೆ ಆ ಆಯ್ಕೆ ಇರುವುದಿಲ್ಲ. ಹೀಗೆ ಅತಿ ಕಠಿಣ ಪೊರೆ, ಅತಿ ಕಡಿಮೆ ಅನುಭವದ ಕೈಗೆ ಸಿಗುವ ವಿಪರೀತ ಸನ್ನಿವೇಶ ಸುಲಭವಾಗಿ ಹುಟ್ಟುತ್ತದೆ. ಇದನ್ನು ತಡೆಯುವುದು ಕಲಿಸುವ ಸಂಸ್ಥೆಗಳ ಮೊದಲ ಧರ್ಮ. ಪೊರೆ ಎಷ್ಟು ಕಠಿಣ ಎಂದು ಹಿಂದಿನ ದಿನವೇ ವರ್ಗೀಕರಿಸಿ, ಯಾವ ವರ್ಗ ಯಾರ ಕೈಗೆ ಎಂದು ಬರೆದಿಟ್ಟ ನಿಯಮ ಇರಬೇಕು. ಗುರು ಪಕ್ಕದ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಕೂತಿರಬೇಕು. ಕರೆದಾಗ ಬರುತ್ತೇನೆ ಎಂಬುದು ಮೇಲ್ವಿಚಾರಣೆ ಅಲ್ಲ. ಕಲಿಯುವ ವೈದ್ಯರು ಆಪರೇಷನ್ನಿನಲ್ಲಿ ಪಾಲ್ಗೊಳ್ಳುತ್ತಾರೆ ಎಂಬುದನ್ನು ರೋಗಿಗೆ ಅವರ ಭಾಷೆಯಲ್ಲೇ ಹೇಳಬೇಕು. ಈ ಭಾಗದಲ್ಲಿ ಅದು ಕನ್ನಡ ಮಾತ್ರವಲ್ಲ. ತೆಲುಗು, ತಮಿಳು, ಹಿಂದಿ, ಬಂಗಾಳಿ, ಒಡಿಯಾ ಆಡುವ ಕೂಲಿಕಾರರೂ ಇದ್ದಾರೆ.

ಮತ್ತೆ ನೋಡುವುದು ಇನ್ನೊಂದು ಧರ್ಮ. ಒಂದು ತಿಂಗಳ ನಂತರ ಆ ಕಣ್ಣು ಎಷ್ಟು ನೋಡುತ್ತಿದೆ ಎಂಬುದು ತಿಳಿಯದಿದ್ದರೆ ಕಲಿತದ್ದು ಏನೆಂದು ಯಾರಿಗೂ ಗೊತ್ತಾಗುವುದಿಲ್ಲ. ಕೆಲಸ ಮುಗಿದ ಕೂಡಲೇ ಇನ್ನೊಂದು ಸೈಟಿಗೆ, ಇನ್ನೊಂದು ರಾಜ್ಯಕ್ಕೆ ಹೋಗುವ ಕಟ್ಟಡ ಕಾರ್ಮಿಕರನ್ನು ಹಿಂಬಾಲಿಸುವುದು ಕಷ್ಟ. ಸರ್ಕಾರದ ಆಶಾಕಿರಣ ಯೋಜನೆಯಂತೆ ಮನೆಬಾಗಿಲಿಗೆ ಹೋಗಿ ಕಣ್ಣು ನೋಡುವ ವ್ಯವಸ್ಥೆಗಳು ತಪಾಸಣೆಗಷ್ಟೇ ನಿಲ್ಲದೆ ಆಪರೇಷನ್ ಆದವರ ದೃಷ್ಟಿಯನ್ನೂ ಅಳೆದು ಆಸ್ಪತ್ರೆಗೆ ತಿಳಿಸಿದರೆ, ಅದು ವೈದ್ಯರ ಶಿಕ್ಷಣಕ್ಕೂ ಸಲ್ಲುವ ಸೇವೆ.

ಕೈ ಒಂದೇ ಸಾಲದು

1896ರಿಂದ ನಡೆದು ಬಂದ ಮಿಂಟೊ ಕಣ್ಣಿನ ಆಸ್ಪತ್ರೆ ಈ ನಾಡಿನ ನೇತ್ರವೈದ್ಯರ ತವರು. ಅಲ್ಲಿ 2019ರ ಜುಲೈಯಲ್ಲಿ ಪೊರೆಯ ಆಪರೇಷನ್ ಆದ ಇಪ್ಪತ್ತಕ್ಕೂ ಹೆಚ್ಚು ಮಂದಿ ಸೋಂಕಿಗೆ ತುತ್ತಾಗಿ, ಹಲವರು ದೃಷ್ಟಿ ಕಳೆದುಕೊಂಡರು. ಆಪರೇಷನ್ನಿನಲ್ಲಿ ಬಳಸಿದ ವಿಸ್ಕೋ ದ್ರಾವಣದಲ್ಲಿ ಸೂಡೊಮೊನಾಸ್ ಬ್ಯಾಕ್ಟೀರಿಯಾ ಇದ್ದದ್ದು ಪರೀಕ್ಷೆಯಲ್ಲಿ ಕಂಡುಬಂತು. ವೈದ್ಯರ ಕೈಚಳಕ ಎಷ್ಟಿದ್ದರೂ ಇಂಥ ದುರಂತವನ್ನು ಅದೊಂದೇ ತಡೆಯಲಾರದು. ಕಠಿಣ ಪೊರೆಯ ಆಪರೇಷನ್ ಹೆಚ್ಚು ಹೊತ್ತು ಹಿಡಿಯುತ್ತದೆ, ಹೆಚ್ಚು ಉಪಕರಣ ಒಳಗೆ ಹೋಗುತ್ತವೆ, ಚೀಲ ಹರಿದರೆ ಸೋಂಕಿನ ಸಾಧ್ಯತೆ ಇನ್ನೂ ಏರುತ್ತದೆ. ಕಣ್ಣೊಳಗೆ ಮಾಕ್ಸಿಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್ ಹಾಕುವುದರಿಂದ ಸೋಂಕು ಶೇ 0.07ರಿಂದ 0.02ಕ್ಕೆ ಇಳಿದದ್ದನ್ನು ಅರವಿಂದ್ ಆಸ್ಪತ್ರೆ ಆರು ಲಕ್ಷ ಆಪರೇಷನ್ನುಗಳ ಲೆಕ್ಕದಿಂದ 2017ರಲ್ಲಿ ತೋರಿಸಿದೆ. ಆದ್ದರಿಂದ ತರಬೇತಿ ನರ್ಸ್, ಟೆಕ್ನಿಷಿಯನ್, ಸ್ಟೆರಿಲೈಸೇಷನ್ ಸಿಬ್ಬಂದಿಯನ್ನೂ ಒಳಗೊಳ್ಳಬೇಕು. ಬ್ಯಾಚ್ ನಂಬರ್ ಬರೆದಿಡುವ ನರ್ಸ್ ಕೂಡ ಕಣ್ಣು ಉಳಿಸುತ್ತಾರೆ.

ಕಂಪನಿಗಳ ಪಾತ್ರವನ್ನೂ ನೇರವಾಗಿ ನೋಡಬೇಕು. ಆಲ್ಕಾನ್‌ನ ಭಾರತದ ಕಚೇರಿ ವೈಟ್‌ಫೀಲ್ಡ್‌ನಲ್ಲಿದೆ, ಕಾರ್ಲ್ ಝೈಸ್ ಇಂಡಿಯಾ ಬೊಮ್ಮಸಂದ್ರದಲ್ಲಿದೆ. ಫೇಕೋ ಯಂತ್ರ, ಮೈಕ್ರೋಸ್ಕೋಪ್, ಲೆನ್ಸ್ ತಯಾರಿಸುವ ಇಂಥವರು ವೈದ್ಯರಿಗೆ ತರಬೇತಿಯನ್ನೂ ಕೊಡುತ್ತಾರೆ. ಯಂತ್ರದ ಒಳಹೊರಗು ಅವರಷ್ಟು ಬಲ್ಲವರಿಲ್ಲ, ಆ ಜ್ಞಾನ ಬೇಕು. ಆದರೆ ಯಾವ ಕಣ್ಣಿಗೆ ಯಾವ ಯಂತ್ರವೂ ಬೇಡ ಎಂದು ಹೇಳಿಕೊಡುವವರು ಮಾರುವವರಾಗಿರಲಾರರು. ಪಠ್ಯವನ್ನು ನಿರ್ಧರಿಸುವುದು ಶಿಕ್ಷಕರ, ವಿಶ್ವವಿದ್ಯಾಲಯದ ಕೈಯಲ್ಲೇ ಉಳಿಯಬೇಕು. ಇದೇ ಪ್ರದೇಶದ ಸಾಫ್ಟ್‌ವೇರ್ ಸಂಸ್ಥೆಗಳಿಗೆ ಇನ್ನೊಂದು ಅವಕಾಶವಿದೆ. ದುಬಾರಿ ಸಿಮ್ಯುಲೇಟರುಗಳಿಗೆ ಬದಲಾಗಿ ಜಿಲ್ಲಾ ಆಸ್ಪತ್ರೆಗೂ ಎಟುಕುವಂಥದ್ದನ್ನು, ನಮ್ಮ ಕಪ್ಪು ಪೊರೆ, ಸಡಿಲ ಎಳೆಗಳ ಅನುಭವ ಕೊಡುವಂಥದ್ದನ್ನು ಕಟ್ಟುವ ಎಂಜಿನಿಯರುಗಳು ಇಲ್ಲಿದ್ದಾರೆ. ಸಿ.ಎಸ್.ಆರ್. ಹಣ ಶಿಬಿರದ ಬ್ಯಾನರಿಗಷ್ಟೇ ಹೋಗದೆ ಇಂಥ ಕೆಲಸಕ್ಕೂ ಹರಿಯಲಿ.

ಆಗಬೇಕಾದದ್ದು

ಹೊರ ಬೆಂಗಳೂರಿನ ಆಸ್ಪತ್ರೆಗಳು ಒಂದೊಂದೂ ತಮ್ಮಷ್ಟಕ್ಕೆ ಕಲಿಸುತ್ತಿವೆ. ಇವು ಕೂಡಿ ಒಂದು ಜಾಲವಾಗುವುದು ಅಸಾಧ್ಯವಲ್ಲ. ಪೀಣ್ಯದ ಗಾಯದ ಕಣ್ಣನ್ನು ಇ.ಎಸ್.ಐ.ನಲ್ಲಿ, ಬಲಿತ ಪೊರೆಯನ್ನು ಕುಂದಲಹಳ್ಳಿಯಲ್ಲಿ, ರೆಟಿನಾ ಮತ್ತು ಕಾರ್ನಿಯಾ ಜೊತೆಗೂಡಿದ ತೊಡಕುಗಳನ್ನು ಬೊಮ್ಮಸಂದ್ರದಲ್ಲಿ ನೋಡಿ ಕಲಿಯುವಂತೆ ಫೆಲೋಗಳನ್ನು ಸುತ್ತಿಸಬಹುದು. ಮಿಂಟೊ ಅದಕ್ಕೆ ಸರ್ಕಾರಿ ಕೇಂದ್ರವಾಗಬಹುದು. ಇಲ್ಲಿ ಕಲಿತವರು ಬೀದರ್, ಯಾದಗಿರಿ, ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗಳಿಗೆ ಹೋದ ಮೇಲೂ ಗುರುವಿಗೆ ವಿಡಿಯೊ ಕಳಿಸಿ ಕೇಳುವ ನಂಟು ಉಳಿಯಬೇಕು. ಫೆಲೋಶಿಪ್ ಪ್ರಮಾಣಪತ್ರದಲ್ಲಿ ಮಾಡಿದ ಆಪರೇಷನ್ನುಗಳ ಸಂಖ್ಯೆಯ ಜೊತೆಗೆ ಚೀಲ ಹರಿದ ಪ್ರಮಾಣ, ತಿಂಗಳ ನಂತರದ ದೃಷ್ಟಿ, ತಾನೇ ನಿಭಾಯಿಸಿದ ತೊಡಕುಗಳು ಮತ್ತು ಬೇರೆಯವರಿಗೆ ಒಪ್ಪಿಸಿದ ಕಣ್ಣುಗಳು ದಾಖಲಾಗಬೇಕು. ಒಪ್ಪಿಸಿದ್ದನ್ನು ಕೊರತೆಯೆಂದು ಎಣಿಸದೆ ವಿವೇಕವೆಂದು ಎಣಿಸುವ ಪದ್ಧತಿ ಬರಬೇಕು.

ರೋಗಿಗಳಿಗೂ ಮನೆಯವರಿಗೂ ಈ ವಿಷಯದಲ್ಲಿ ಪಾತ್ರವಿದೆ. ಪೊರೆ ಬಲಿಯಲಿ ಎಂದು ಕಾಯಬೇಡಿ. ತಿನ್ನುವ ಮಾತ್ರೆಗಳ ಚೀಟಿ, ಹಿಂದೆ ಆದ ಲೇಸಿಕ್ ಅಥವಾ ಗಾಯದ ಕಾಗದ ತಪ್ಪದೆ ತೋರಿಸಿ. ಕಣ್ಣು ಕಠಿಣವೆಂದು ವೈದ್ಯರು ಹೇಳಿದರೆ ಮೂರು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ: ಇಂಥ ಕಣ್ಣುಗಳನ್ನು ಮಾಡಿ ಅನುಭವ ಇರುವವರು ಜೊತೆಗಿರುತ್ತಾರೆಯೆ? ನಡುವೆ ತೊಂದರೆಯಾದರೆ ಮುಂದೆ ನೋಡಿಕೊಳ್ಳುವವರು ಯಾರು? ಆಪರೇಷನ್ ಆದ ಮೇಲೆ ನನ್ನನ್ನು ಮತ್ತೆ ಯಾವಾಗ ನೋಡುತ್ತೀರಿ? ಚೆನ್ನಾಗಿ ಕಲಿತ ವೈದ್ಯರ ಬಳಿ ಈ ಮೂರಕ್ಕೂ ಉತ್ತರವಿರುತ್ತದೆ, ಕೇಳಿದ್ದಕ್ಕೆ ಅವರಿಗೆ ಬೇಸರವೂ ಆಗುವುದಿಲ್ಲ. ಹಣ ಕಟ್ಟಿ ಬಂದವರಿಗೂ ಶಿಬಿರದ ಬಸ್ಸಿನಲ್ಲಿ ಬಂದವರಿಗೂ ಅದೇ ಉತ್ತರ ಸಿಗುವಂತಾದಾಗ ಈ ತರಬೇತಿ ತನ್ನ ಕೆಲಸ ಮಾಡಿದೆ ಎನ್ನಬಹುದು.